ಗೋಡೆಯಾಚೆಯ ಉಬ್ಬಸ

ಬಾಣಂತಿಯ ಕಾಲು ಊದಿಕೊಂಡಾಗ ಮನೆಯ ಹೆಂಗಸರೆಲ್ಲ ಸಂತೋಷಪಟ್ಟರು. ಮರಳುಗಾಡಿನಂಚಿನ ಕಾನೋ ಊರಿನ ಹಳೇ ಪೇಟೆಯಲ್ಲಿ ಬಾಣಂತಿ ಎಂದರೆ ಮೈಕೈ ತುಂಬಿಕೊಂಡು ಹೊಳೆಯಬೇಕು. ಇಲ್ಲದಿದ್ದರೆ ತವರಿನವರು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬ ಮಾತು ಬರುತ್ತದೆ. ಆದ್ದರಿಂದ ಹುಡುಗಿಗೆ ಬೆಳಿಗ್ಗೆ ಸಂಜೆ ಸುಡುಸುಡು ನೀರಿನ ಸ್ನಾನ, ಬೇವಿನ ಸೊಪ್ಪಿನ ಕಟ್ಟನ್ನು ಆ ನೀರಿನಲ್ಲಿ ಅದ್ದಿ ಬೆನ್ನಿಗೆ ಬಡಿಯುವುದು, ಮಲಗುವ ಮಣ್ಣಿನ ಜಗುಲಿಯ ಕೆಳಗೆ ಕೆಂಡ, ಕುಡಿಯಲು ಕನ್ವಾ ಎಂಬ ಸವಳುಪ್ಪು ಬೆರೆಸಿದ ಸಜ್ಜೆ ಗಂಜಿ. ಎಲ್ಲವೂ ಕ್ರಮವಾಗಿ ನಡೆಯಿತು. ಕಾಲು ಊದಿತು, ಮುಖವೂ ಊದಿತು. ನೋಡಲು ಬಂದವರು "ಮಾಶಾ ಅಲ್ಲಾ, ಹೇಗೆ ತುಂಬ್ಕೊಂಡಿದ್ದಾಳೆ ನೋಡು" ಎಂದು ಬಾಯ್ತುಂಬ ಹೊಗಳಿ, ಕೋಸೈ ವಡೆ ತಿಂದು ಹೋದರು. ಅಷ್ಟು ಬಾಯಿಗಳಲ್ಲಿ ಒಂದಾದರೂ, ಈ ಹುಡುಗಿ ಯಾಕೆ ಮಲಗದೆ ಕೂತೇ ತೂಕಡಿಸುತ್ತಾಳೆ ಎಂದು ಕೇಳಲಿಲ್ಲ.

ತಲಾತು ಅದನ್ನು ನೋಡಿದ್ದಳು. ಆದರೆ ಅವಳು ಹುಡುಗಿಯ ಹೆತ್ತ ತಾಯಿ. ಹುಡುಗಿ ಅವಳ ಚೊಚ್ಚಲ ಮಗಳು. ಹಾಗಾಗಿ ಆ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡಬೇಕಾದವಳು ಅವಳೇ.

ಚೊಚ್ಚಲ ಮಗುವನ್ನು ನಮ್ಮಲ್ಲಿ ತಾಯಿ ನಾಲ್ಕು ಜನರೆದುರು ಎತ್ತಿಕೊಳ್ಳುವುದಿಲ್ಲ, ಮುದ್ದಿಸುವುದಿಲ್ಲ, ಹೆಸರು ಹಿಡಿದು ಕರೆಯುವುದಂತೂ ಇಲ್ಲವೇ ಇಲ್ಲ. ಹಾಲು ಬಿಡಿಸಿದ ಮೇಲೆ ಮಗು ಅಜ್ಜಿಯ ಮನೆ ಸೇರುತ್ತದೆ. ಇದನ್ನು ನಾಚಿಕೆ ಎನ್ನುತ್ತಾರೆ, ಮಾನ ಎನ್ನುತ್ತಾರೆ. ಇದನ್ನು ಮೀರಿದವಳನ್ನು ಏನೆನ್ನುತ್ತಾರೆ ಎಂಬುದು ಬೇಡ ಬಿಡಿ. ತಲಾತು ಇಡೀ ಬೀದಿಗೆ ಮಾದರಿಯಾದ ಮಾನವಂತೆ. ಮಗಳ ಹೆಸರು ಸೌದಾತು. ಆ ಹೆಸರು ಹುಡುಗಿ ಹುಟ್ಟಿದಾಗಿನಿಂದ ಅವಳ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. 'ಆ ಹುಡುಗಿ' ಎನ್ನುತ್ತಿದ್ದಳು, ಇಲ್ಲವೇ 'ಅಜ್ಜಿ ಮನೆಯವಳು' ಎನ್ನುತ್ತಿದ್ದಳು. ಮೊದಲ ಹೆರಿಗೆಗೆ ಮಗಳು ತವರಿಗೆ ಬಂದಾಗಲೂ ಬಾಣಂತನ ಮಾಡಿದ್ದು ತಲಾತುವಿನ ಸವತಿ ಹನ್ನೆ ಮತ್ತು ಕೂಲಿಗೆ ಬಂದ ಸ್ನಾನದವಳು. ತಲಾತು ಒಲೆಯ ಮುಂದೆ ಕೂತು ಗಂಜಿ ಕುದಿಸಿದಳು. ಆ ಗಂಜಿಗೆ ಕನ್ವಾ ಹಾಕಿದ್ದು ಅವಳೇ ಕೈಯಾರೆ.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಹುಡುಗಿಯ ತುಟಿ ನೀಲಿಗಟ್ಟಿತು. ಬಾಯಲ್ಲಿ ನೊರೆ. ಕೂಸನ್ನು ಹನ್ನೆಯ ಮಡಿಲಿಗೆ ಹಾಕಿದರು, ಅಳಿಯ ನಾಸಿದಿ ಕಾರು ತಂದ. ಅವನ ಸೋದರತ್ತೆ ಹಜಿಯಾ ಅಜುಮಿ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ದೇವರ ಹೆಸರು ಹೇಳುತ್ತ, ನಡುನಡುವೆ ಎದುರು ಬಂದ ಬೈಕಿನವರನ್ನು ಬೈಯುತ್ತ ಹೋದಳು. ಅಳಿಯನಿದ್ದ ಕಾರಿನಲ್ಲಿ ಹೆಣ್ಣು ಕೊಟ್ಟ ಅತ್ತೆ ಕೂರುವಂತಿಲ್ಲ. ತಲಾತು ಹಿಂದಿನಿಂದ ಆಟೋ ಹಿಡಿದು ಬಂದಳು. ಆಸ್ಪತ್ರೆಯ ಬಾಗಿಲು ತಲುಪುವಷ್ಟರಲ್ಲಿ ಹುಡುಗಿ ಸತ್ತೇ ಹೋಗಿರುತ್ತಾಳೆ ಎಂದುಕೊಂಡಿದ್ದಳು.

ಸತ್ತಿರಲಿಲ್ಲ. ಡಾಕ್ಟರ್ ಮೊರೆನಿಕೆ ದಕ್ಷಿಣದವರು, ಯೊರುಬಾ ಹೆಂಗಸು. ನಮ್ಮ ಮಾತನ್ನು ಕಲ್ಲು ಕಡಿದಂತೆ ಆಡುತ್ತಿದ್ದರು, ಆದರೆ ಆಡಬೇಕಾದ್ದನ್ನು ಬಿಡುತ್ತಿರಲಿಲ್ಲ. "ಹೆರಿಗೆ ಆದ್ಮೇಲೆ ಕೆಲವರ ಹೃದಯ ಸೋತು ಹೋಗುತ್ತೆ. ಈ ಊರಲ್ಲಂತೂ ಜಾಸ್ತಿ. ಸೋತಿರೋ ಹೃದಯಕ್ಕೆ ನೀವು ಉಪ್ಪು ತಿನ್ನಿಸಿ, ಕೆಂಡದ ಮೇಲೆ ಮಲಗಿಸಿದ್ದೀರ. ಇದು ಕೊಬ್ಬಲ್ಲ ಹಜಿಯಾ, ನೀರು." ಅಂದಿನಿಂದ ಸೂಜಿ ಮೇಲೆ ಸೂಜಿ. ಹುಡುಗಿಯ ಮೈಯಿಂದ ನೀರು ಇಳಿಯುತ್ತ ಹೋಯಿತು. ಚರ್ಮ ಸಡಿಲಾಗಿ, ಕಾಲು ಕಡ್ಡಿಯಾಗಿ, ಆ ಊತದೊಳಗೆ ಇಷ್ಟು ದಿನ ಅಡಗಿದ್ದ ನಿಜವಾದ ಹುಡುಗಿ ಹಾಸಿಗೆಯ ಮೇಲೆ ಕಂಡಳು. ತಲಾತು ಕಲಸಿದ ಉಪ್ಪು ಅದೇ ಹಾಸಿಗೆಯ ಕೆಳಗಿನ ಪಾತ್ರೆಗೆ ಇಳಿಯುತ್ತಿತ್ತು.

ಅವಳು ವಾರ್ಡಿನ ಮೂಲೆಯಲ್ಲಿ ಚಾಪೆ ಹಾಸಿ, ಮುಸುಕು ಎಳೆದು, ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಅಳಿಯ ಬಾಗಿಲಿಗೆ ಬಂದರೆ ಮುಸುಕು ಇನ್ನೂ ಕೆಳಗೆ. ಹುಡುಗಿಯ ಪಕ್ಕದ ಸ್ಟೂಲು ಹಜಿಯಾ ಅಜುಮಿಯದು. ಅವಳೇ ತಲೆ ಬಾಚುತ್ತಿದ್ದಳು, ಅವಳೇ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು, ಡಾಕ್ಟರಿಗೆ ಉತ್ತರ ಕೊಡುವವಳೂ ಅವಳೇ. ಹೊಸದಾಗಿ ಬಂದ ರೋಗಿಗಳ ಕಡೆಯವರು ತಲಾತುವನ್ನು ಅವರ ಮನೆಯ ಕೆಲಸದವಳು ಎಂದುಕೊಂಡರೆ ತಪ್ಪೇನಿಲ್ಲ.

ಹುಡುಗಿ ಚಪ್ಪಟೆಯಾಗಿ ಮಲಗುವಂತಾದ ಬೆಳಿಗ್ಗೆ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಎದೆಯ ನೀರು ಖಾಲಿಯಾಯ್ತು. ಇನ್ನು ಮಾತ್ರೆ ಶುರು ಮಾಡ್ಬಹುದು," ಎಂದರು. "ಹೃದಯದ ಓಟ ಇಳಿಸೋ ಮಾತ್ರೆ."

ಬಾಗಿಲಲ್ಲಿ ನಿಂತಿದ್ದ ನಾಸಿದಿಯ ಮುಖ ಕಪ್ಪಿಟ್ಟಿತು. "ಡಾಕ್ಟರಮ್ಮ, ಮೊದಲೇ ಸೋತಿದೆ ಅಂತೀರ. ಸೋತಿರೋದನ್ನ ಇನ್ನೂ ನಿಧಾನ ಮಾಡಿದ್ರೆ ನಿಂತೇ ಹೋಗಲ್ವಾ?"

"ಅದು ಹೆದರಿ ಓಡ್ತಾ ಇದೆ ನಾಸಿದಿಯವರೇ. ಹೀಗೇ ಓಡಿದ್ರೆ ಬಿದ್ದೋಗುತ್ತೆ. ಅದಕ್ಕೆ ನಡೆಯೋದು ಕಲಿಸ್ಬೇಕು. ಒಂದೇ ಸಲ ಹಿಡಿದು ನಿಲ್ಲಿಸಿದ್ರೆ ನೀವು ಹೇಳಿದ ಹಾಗೇ ಆಗುತ್ತೆ. ಅದಕ್ಕೇ ಸಣ್ಣ ಚೂರಿಂದ ಶುರು, ಆಮೇಲೆ ವಾರಗಟ್ಟಲೆ ಸ್ವಲ್ಪ ಸ್ವಲ್ಪ ಏರಿಸೋದು. ಮೊದಮೊದಲು ಸುಸ್ತು ಜಾಸ್ತಿ ಆದ ಹಾಗೆ ಕಾಣ್ಬಹುದು. ಗಾಬರಿ ಬಿದ್ದು ನಿಲ್ಲಿಸ್ಬೇಡಿ."

ಹಜಿಯಾ ಅಜುಮಿ ಅಷ್ಟರಲ್ಲಿ ಚೀಲ ತಡಕಾಡಿ ಒಂದು ಮಾತ್ರೆ ಪಟ್ಟಿ ಹೊರಗೆ ತೆಗೆದಿದ್ದಳು. "ಓಟ ಇಳಿಸೋದಾ? ನಂಗೂ ಅದನ್ನೇ ಕೊಟ್ಟಿದ್ದಾರಲ್ಲ. ತಗೊಳ್ಳಿ. ಅಂಗಡಿಗೆ ಯಾಕೆ ಅಲೀಬೇಕು."

ಡಾಕ್ಟರು ಪಟ್ಟಿ ತಿರುಗಿಸಿ ನೋಡಿದರು. "ಅಟೆನಲಾಲ್. ನಿಮ್ಮ ಬಿ.ಪಿ.ಗೆ ಸರಿ ಹಜಿಯಾ, ನೀವೇ ನುಂಗಿ. ಈ ವಂಶದಲ್ಲಿ ಮಾತ್ರೆಗಳು ಬೇಕಾದಷ್ಟಿವೆ. ಸೋತ ಹೃದಯಾನ ಉಳಿಸ್ತವೆ ಅಂತ ಗಟ್ಟಿಯಾಗಿ ಗೊತ್ತಿರೋದು ಅದರಲ್ಲಿ ಕೆಲವೇ."

"ಒಂದೇ ವಂಶ ಅಂದ್ಮೇಲೆ ಒಂದೇ ಗುಣ ಅಲ್ವಾ?"

"ನಿಮ್ಮ ಅಣ್ಣತಮ್ಮಂದಿರೆಲ್ಲ ಒಂದೇ ಗುಣದವರಾ?"

ಅಜುಮಿಗೆ ನಗು ಬಂತು. ಅವಳ ತಮ್ಮಂದಿರ ಪ್ರತಾಪ ಊರಿಗೇ ಗೊತ್ತಿತ್ತು. ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡಳು.

ಡಾಕ್ಟರು ಬೆರಳು ಮಡಚಿ ಹೇಳಿದರು. ಮೆಟೊಪ್ರೊಲಾಲ್ ಆಗಬಹುದು, ಆದರೆ ನಿಧಾನವಾಗಿ ಕರಗುವ ಜಾತಿಯದೇ ಬೇಕು. ಇಲ್ಲಿನ ಅಂಗಡಿಯಲ್ಲಿ ಸಿಗುವುದು ಬೇಗ ಕರಗುವುದು, ಅದನ್ನು ಈ ಕಾಯಿಲೆಗೆ ನೆಚ್ಚುವಂತಿಲ್ಲ. ಉಳಿದದ್ದು ಬಿಸೊಪ್ರೊಲಾಲ್ ಮತ್ತು ಕಾರ್ವೆಡಿಲಾಲ್. "ಜೀವ ಉಳಿಸೋದ್ರಲ್ಲಿ ಇದು ಹೆಚ್ಚು ಅದು ಕಮ್ಮಿ ಅಂತ ನಾನು ಹೇಳಲಾರೆ. ಬಿಸೊಪ್ರೊಲಾಲ್ ಹೆಚ್ಚಾಗಿ ಹೃದಯಾನೇ ನೋಡ್ಕೊಳ್ಳುತ್ತೆ, ಬೇರೆ ಕಡೆ ಅಷ್ಟಾಗಿ ಕೈ ಹಾಕಲ್ಲ. ಕಾರ್ವೆಡಿಲಾಲ್ ರಕ್ತನಾಳಾನೂ ಸಡಿಲ ಮಾಡುತ್ತೆ. ಇವಳ ಬಿ.ಪಿ. ಇನ್ನೂ ಮೇಲೇ ಇದೆ, ಅದಕ್ಕೆ ನನ್ನ ಮನಸ್ಸು ಇದರ ಕಡೆ. ಇದಕ್ಕೊಂದು ಕೆಟ್ಟ ಗುಣ ಇದೆ. ಉಬ್ಬಸ ಇರೋರಿಗೆ ಶ್ವಾಸನಾಳ ಬಿಗಿದುಬಿಡುತ್ತೆ. ಉಬ್ಬಸದವರಿಗೆ ಇದನ್ನ ಕೊಡೋ ಹಾಗೇ ಇಲ್ಲ." ಅವರು ಹಾಸಿಗೆಯ ಕಡೆ ಬಾಗಿದರು. "ನಿಂಗೆ ಯಾವಾಗಾದ್ರೂ ಉಬ್ಬಸ ಇತ್ತಾ?"

ಸೌದಾತು ತಲೆಯಾಡಿಸಿದಳು. "ಇಲ್ಲ."

"ಚಿಕ್ಕವಳಿದ್ದಾಗ? ಎದೆಯಲ್ಲಿ ಸುಯ್ ಅನ್ನೋದು, ರಾತ್ರಿ ಕೂತ್ಕೊಂಡೇ ಇರೋದು?"

"ನೆನಪಿಲ್ಲ. ಚಳಿಗಾಲದಲ್ಲಿ ಶೀತ ಆಗ್ತಿತ್ತು ಅಂತ ಅಜ್ಜಿ ಹೇಳ್ತಿದ್ದಳು."

"ಇವಳ ತಾಯಿ ಯಾರು?"

ಅಜುಮಿ ಗದ್ದದಿಂದ ಮೂಲೆಯನ್ನು ತೋರಿಸಿದಳು. ಎಲ್ಲರ ಕಣ್ಣೂ ತಲಾತುವಿನ ಮೇಲೆ ಬಿದ್ದವು. ಬಾಗಿಲಲ್ಲಿ ಅಳಿಯ, ಸ್ಟೂಲಿನ ಮೇಲೆ ಅಳಿಯನ ಸೋದರತ್ತೆ. ತಲಾತು ಮುಸುಕನ್ನು ಮೂಗಿನವರೆಗೆ ಎಳೆದಳು. ಅವಳಿಗೆ ಉತ್ತರ ಗೊತ್ತಿತ್ತು.

"ನಂಗೇನು ಗೊತ್ತು," ಎಂದಳು. "ಅಜ್ಜಿ ಸಾಕಿದ್ದು."

"ಅಜ್ಜಿ ಎಲ್ಲಿ?"

"ಹೋದ ವರ್ಷ ಹೋಗ್ಬಿಟ್ಟಳು."

"ನಮ್ಮನೆಗೆ ಬಂದ್ಮೇಲೆ ಒಂದು ಸೀನೂ ಸೀನಿಲ್ಲ," ಎಂದು ಅಜುಮಿ ಮಾತು ಮುಗಿಸಿದಳು. ಡಾಕ್ಟರು ಇನ್ನೊಮ್ಮೆ ಬೆನ್ನಿಗೆ ಕೊಳವೆ ಇಟ್ಟು ಕೇಳಿದರು. ಏನೂ ಕೇಳಿಸಲಿಲ್ಲ. ಕಾರ್ವೆಡಿಲಾಲ್ ಎಂದು ಬರೆದು, ಪೇಟೆಯಾಚೆಯ ಇನ್ನೊಂದು ಆಸ್ಪತ್ರೆಗೆ ಹೊರಟುಹೋದರು.

ತಲಾತುವಿಗೆ ಹೇಗೆ ಗೊತ್ತಿತ್ತು ಎಂದರೆ, ಮಗುವನ್ನು ಸಾಕಿದ ಅವಳ ಅತ್ತೆ ಡೇಲು ಅಜ್ಜಿಯ ಮನೆಗೂ ತಲಾತುವಿನ ಕೋಣೆಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ಚಳಿಗಾಲದಲ್ಲಿ ಮರಳುಗಾಡಿನ ಧೂಳುಗಾಳಿ ಎದ್ದು ಸೂರ್ಯ ಮಂಕಾದಾಗ, ರಾತ್ರಿ ಗೋಡೆಯಾಚೆ ಆ ಸದ್ದು ಶುರುವಾಗುತ್ತಿತ್ತು. ತೂತುಬಿದ್ದ ತಿದಿ ಒತ್ತಿದಂಥ ಸುಯ್ ಎಂಬ ಸದ್ದು. ಆಚೆ ಮುದುಕಿ ಮಗುವನ್ನು ಕೂರಿಸಿಕೊಂಡು ಬೆನ್ನು ನೀವುತ್ತ ಏನೋ ಹೇಳುತ್ತಿದ್ದಳು. ಈಚೆ ತಲಾತು ಕತ್ತಲಲ್ಲಿ ಗೋಡೆಗೆ ಕಿವಿಯಿಟ್ಟು ನಿಂತಿರುತ್ತಿದ್ದಳು. ಒಳಗೆ ಹೋಗಿ ಎತ್ತಿಕೊಳ್ಳುವಂತಿಲ್ಲ. ಹೆಸರು ಹಿಡಿದು, ಹೆದರಬೇಡ ಎನ್ನುವಂತಿಲ್ಲ. ಅವಳು ಮಾಡಬಹುದಾದದ್ದು ಒಂದೇ: ಮೆಲ್ಲಗೆ ಕೆಮ್ಮಿದಂತೆ ಮಾಡುವುದು. ಯಾರೋ ಎದ್ದಿದ್ದಾರೆ ಎಂದು ಮಗುವಿಗೆ ತಿಳಿಯಲಿ ಎಂದು. ಬೆಳಗಾದ ಮೇಲೆ ಅತ್ತೆ ಸೊಸೆ ಬಾವಿಯ ಬಳಿ ಎದುರಾದರೆ ಇಬ್ಬರ ಕಣ್ಣೂ ಕೆಂಪಗಿರುತ್ತಿದ್ದವು, ಇಬ್ಬರೂ ಆ ಮಾತೆತ್ತುತ್ತಿರಲಿಲ್ಲ. ಉಬ್ಬಸದ ಹುಡುಗಿ ಎಂದು ಹೆಸರು ಬಿದ್ದರೆ ಗಂಡು ಸಿಗುವುದಿಲ್ಲ ಎಂದು ಡೇಲು ಅದನ್ನು ಶೀತ ಎಂದೇ ಊರಿಗೂ ಹೇಳಿದಳು, ಮಗುವಿಗೂ ಹೇಳಿದಳು. ಹಲ್ಲು ಬಿದ್ದು ಹೊಸ ಹಲ್ಲು ಬರುವ ಹೊತ್ತಿಗೆ ಆ ಸದ್ದು ತಾನಾಗಿ ನಿಂತುಹೋಯಿತು. ಮುದುಕಿ ಗುಟ್ಟನ್ನು ತನ್ನ ಜೊತೆಗೇ ಮಣ್ಣಿಗೆ ಒಯ್ದಳು. ಈಗ ಭೂಮಿಯ ಮೇಲೆ ಅದು ಗೊತ್ತಿದ್ದವಳು ತಲಾತು ಒಬ್ಬಳೇ. ಅವಳಿಗೆ ಗೊತ್ತಿರಲೇಬಾರದಾಗಿತ್ತು.

ನಿಂತುಹೋದದ್ದಲ್ಲವೇ ಎಂದು ಮನಸ್ಸಿಗೆ ಹೇಳಿಕೊಂಡಳು. ಹತ್ತು ಹದಿನೈದು ವರ್ಷದ ಹಳೆಯ ಮಾತು. ಈಗ ಎತ್ತಿದರೆ ಅಜುಮಿ ಸುಮ್ಮನಿರುತ್ತಾಳೆಯೇ. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದಿರಿ ಎನ್ನುತ್ತಾಳೆ. ಹುಡುಗಿ ಬದುಕಿ ಉಳಿದರೂ ತಿರುಗಿ ಹೋಗಲು ಮನೆ ಇರುವುದಿಲ್ಲ. ಇಷ್ಟೆಲ್ಲ ಲೆಕ್ಕ ಹಾಕಿದರೂ ಅವಳ ಕೈ ಚಾಪೆಯ ಅಂಚನ್ನು ಕೀಳುತ್ತಲೇ ಇತ್ತು.

ಮೊದಲ ಮಾತ್ರೆಯನ್ನು ಹುಡುಗಿ ಅವತ್ತೇ ಬೆಳಗಿನ ಗಂಜಿಯ ಜೊತೆ ನುಂಗಿದಳು. ತಲಾತು ಗೋಡೆಗೆ ಮುಖ ಮಾಡಿ ಕೂತು ಬೆನ್ನಲ್ಲೇ ಕಿವಿ ಬಂದವಳಂತೆ ಕೇಳುತ್ತಿದ್ದಳು. ವಾರ್ಡಿನಲ್ಲಿ ಸದ್ದಿಗೇನು ಕೊರತೆ. ಫ್ಯಾನು, ಕೂಸುಗಳು, ಚಹಾ ಮಾರುವವಳು, ಮಂಚ ಎಳೆಯುವುದು. ಅದರ ಅಡಿಯಲ್ಲಿ ಮಗಳ ಉಸಿರು ಹೋಗುತ್ತಿತ್ತು, ಬರುತ್ತಿತ್ತು. ಮಧ್ಯಾಹ್ನದ ನಮಾಜಿನವರೆಗೆ ಏನೂ ಇಲ್ಲ. ತಲಾತು ಒಂದು ತುತ್ತು ತುವೋ ಮುದ್ದೆ ಬಾಯಿಗಿಟ್ಟಳು.

ಆ ತುತ್ತು ನುಂಗುವ ಮುಂಚೆ ಅದು ಕೇಳಿಸಿತು.

ತುಂಬ ತೆಳುವಾಗಿ, ಉಸಿರು ಹೊರಗೆ ಬಿಡುವ ಕೊನೆಯಲ್ಲಿ, ಸುಯ್. ಇನ್ಯಾರದೋ ಇರಬೇಕು ಎಂದು ತಲಾತು ಸುತ್ತ ನೋಡಿದಳು. ಮತ್ತೆ ಸುಯ್. ಹುಡುಗಿ ಎದ್ದು ಕೂತು ಎರಡು ಕೈಯನ್ನೂ ಹಾಸಿಗೆಗೆ ಊರಿದ್ದಳು. ಭುಜ ಮೇಲಕ್ಕೆ ಹೋಗುತ್ತಿತ್ತು.

"ಸುಸ್ತು," ಎಂದಳು ಅಜುಮಿ, ಬೀಸಣಿಗೆ ಬೀಸುತ್ತ. "ಡಾಕ್ಟರಮ್ಮ ಮೊದಲೇ ಹೇಳಿಲ್ವಾ. ಹೆದರ್ಬೇಡ ಮಗಳೇ. ಹೃದಯ ನಡೆಯೋದು ಕಲೀತಾ ಇದೆ. ನನ್ನ ಮೊಮ್ಮಗ ನಡೆಯೋದು ಕಲಿಯುವಾಗ ಮೂತಿಯೆಲ್ಲ ಜಜ್ಜಿಕೊಂಡಿದ್ದ."

ಮಧ್ಯಾಹ್ನದ ಪಾಳಿಗೆ ಬಂದ ನರ್ಸ್ ರಿಫ್ಕಾತುವಿಗೆ ಈ ರೋಗಿ ಹೊಸಬಳು. ಹಾಳೆ ನೋಡಿದಳು, ಎದೆಯ ಕಾಯಿಲೆ ಎಂದಿತ್ತು. "ಮತ್ತೆ ನೀರು ತುಂಬಿರ್ಬೇಕು," ಎಂದು ನೀರಿಳಿಸುವ ಸೂಜಿ ಕೊಟ್ಟು ಮೂಗಿಗೆ ಗಾಳಿಯ ಕೊಳವೆ ಹಾಕಿದಳು. ಅವಳದೂ ತಪ್ಪಲ್ಲ. ಸೋತ ಹೃದಯದವರಿಗೆ ನೀರು ತುಂಬಿದರೂ ಎದೆ ಸುಯ್ಗುಡುತ್ತದೆ. ಅದೇ ತಲಾತುವಿನ ಪ್ರಾಣ ತಿಂದಿತು. ನೀರೇ ಇರಬಹುದಲ್ಲ. ಸುಸ್ತೇ ಇರಬಹುದಲ್ಲ. ಈ ಓದಿದವರೆಲ್ಲ ಹೇಳುತ್ತಿರುವಾಗ ಗಂಜಿಗೆ ವಿಷದಂಥ ಉಪ್ಪು ಕಲಸಿದವಳು ಬಾಯಿ ಬಿಡುವುದು ಹೇಗೆ. ತಾನು ಒಮ್ಮೆ ಅವಳನ್ನು ಕೊಲ್ಲಲು ಹೊರಟವಳು. ಈಗ ಬೇಕಾದ ಮಾತ್ರೆಯನ್ನು ತಪ್ಪಿಸಿ ಇನ್ನೊಮ್ಮೆ ಕೊಂದರೆ?

ಹೊತ್ತು ಇಳಿಯಿತು. ಸದ್ದು ಇಳಿಯಲಿಲ್ಲ. ಸೂಜಿ ಕೊಟ್ಟ ಮೇಲೆ ಹುಡುಗಿಗೆ ಮೂತ್ರ ಹೋಯಿತು, ಆದರೆ ಸುಯ್ ಎಂಬುದು ಎದೆಯ ಎರಡೂ ಪಕ್ಕಕ್ಕೆ ಹರಡಿತು. ಮಾತಾಡಲು ಹೋದರೆ ಒಂದು ಪದಕ್ಕೆ ಒಂದು ಉಸಿರು. ಅವಳು ಒಮ್ಮೆ ಮೂಲೆಯ ಕಡೆ ನೋಡಿದಳು. ಚೊಚ್ಚಲ ಮಕ್ಕಳು ತಾಯಿಯನ್ನು ಹಾಗೆ ನೇರವಾಗಿ ನೋಡುವುದಿಲ್ಲ. ತಲಾತು ಕಣ್ಣು ಕೆಳಗೆ ಹಾಕಿದಳು. ಹಾಕಿದ್ದಕ್ಕೆ ತನ್ನನ್ನು ತಾನೇ ಶಪಿಸಿಕೊಂಡಳು.

ಎರಡನೆಯ ಮಾತ್ರೆ ಸಂಜೆಗಿತ್ತು. ಸೂರ್ಯ ಮುಳುಗಿ ಬಾಂಗು ಕೇಳಿಸಿದಾಗ ನಾಸಿದಿ ಮಸೀದಿಗೆ ಹೋದ. ಅಜುಮಿ ವರಾಂಡದಲ್ಲಿ ಕೈಕಾಲು ತೊಳೆಯಲು ಎದ್ದಳು. ಆಗಲೇ ರಿಫ್ಕಾತು ಮಾತ್ರೆಯ ತಟ್ಟೆ ಹಿಡಿದು ಬಂದಳು. ಆಸ್ಪತ್ರೆಯಲ್ಲಿ ಒಂದು ಕ್ರಮವಿತ್ತು: ರೋಗಿಯ ಹೆಸರನ್ನು ಬಾಯಿಂದ ಕೇಳದೆ ಮಾತ್ರೆ ಕೈಗೆ ಕೊಡುವಂತಿಲ್ಲ.

"ಹೆಸರು?"

ಸೌದಾತು ಬಾಯಿ ತೆರೆದಳು. ಗಾಳಿ ಮಾತ್ರ ಬಂತು.

ನರ್ಸು ಮೂಲೆಯ ಕಡೆ ತಿರುಗಿದಳು. "ಏ ಅಮ್ಮಾ, ಇವಳ ಹೆಸರೇನು?"

ತಲಾತು ಎದ್ದು ನಿಂತಳು. ಹೆಸರು ಹೇಳದಿದ್ದರೆ ಮಾತ್ರೆ ಕೊಡುವುದಿಲ್ಲ, ಒಳ್ಳೆಯದೇ ಆಯಿತು, ಸುಮ್ಮನಿದ್ದುಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ನರ್ಸು ಮಂಚದ ಹಲಗೆ ಓದಿ, "ಸೌದಾತು ನಾಸಿದಿ, ಅಲ್ವಾ?" ಎಂದಳು. ಹುಡುಗಿ ತಲೆಯಾಡಿಸಿದಳು. ಮಾತ್ರೆ ತಟ್ಟೆಯಿಂದ ಎದ್ದಿತು.

"ಕೊಡ್ಬೇಡ."

"ಏನು?"

"ಆ ಮಾತ್ರೆ ಕೊಡ್ಬೇಡ. ಇದು ನೀರಲ್ಲ."

ರಿಫ್ಕಾತು ಇಡೀ ಮಧ್ಯಾಹ್ನ ಒಂದೇ ಸಮನೆ ಓಡಾಡಿದ್ದಳು. ಅವಳಿಗೆ ರೇಗಿತು. "ಡಾಕ್ಟರು ಬರೆದಿದ್ದನ್ನ ನಾನು ಕೊಡ್ತೀನಿ. ಬೇಡ ಅನ್ನೋಕೆ ನೀವ್ಯಾರು? ಅವಳ ಕಡೆ ದೊಡ್ಡೋರು ಬರ್ಲಿ, ಅವರ ಹತ್ರ ಮಾತಾಡ್ತೀನಿ."

ದೊಡ್ಡವರು ಬಂದೇ ಬಿಟ್ಟಿದ್ದರು. ಅಜುಮಿ ಒದ್ದೆ ಕೈಯಲ್ಲಿ ಬಾಗಿಲಲ್ಲಿ ನಿಂತಿದ್ದಳು. ಏನೋ ಮರೆತು ಹಿಂತಿರುಗಿದ ನಾಸಿದಿ ಅವಳ ಹಿಂದೆಯೇ ಇದ್ದ. ತಲಾತು ಇಬ್ಬರನ್ನೂ ನೋಡಿದಳು. ಮುಸುಕು ಎಳೆದುಕೊಳ್ಳಲು ಕೈ ತಾನಾಗಿ ಮೇಲಕ್ಕೆ ಹೋಯಿತು, ಅರ್ಧದಲ್ಲಿ ನಿಂತಿತು. ಆ ಕೈಯಿಂದಲೇ ಅವಳು ನರ್ಸಿನ ಮಣಿಕಟ್ಟು ಹಿಡಿದಳು.

"ನಾನು ಅವಳ ತಾಯಿ. ಅವಳಿಗೆ ಉಬ್ಬಸ ಇತ್ತು. ಚಿಕ್ಕವಳಿದ್ದಾಗ, ಧೂಳುಗಾಳಿ ಬಂದಾಗೆಲ್ಲ. ನಾನೇ ಕೇಳಿದ್ದೀನಿ. ಇದೇ ಸದ್ದು."

ಅಜುಮಿಯ ಬಾಯಿ ತೆರೆದುಕೊಂಡಿತು. "ಬೆಳಿಗ್ಗೆ ಗೊತ್ತಿಲ್ಲ ಅಂದೆಯಲ್ಲೇ ನೀನು. ಅಂದ್ರೆ ಉಬ್ಬಸದ ಹುಡುಗೀನ ಬಾಯಿ ಮುಚ್ಕೊಂಡು ನಮ್ಮ ತಲೆಗೆ ಕಟ್ಟಿದ್ರಾ?"

"ಕಟ್ಟಿದ್ವಿ. ಆಮೇಲೆ ಬೈಯಿ ಹಜಿಯಾ, ನಿನ್ನ ಕಾಲ ಹತ್ರ ಕೂತು ಬೈಸ್ಕೊಳ್ತೀನಿ. ಈಗ ಡಾಕ್ಟರಿಗೆ ಫೋನ್ ಮಾಡ್ಸು."

ಫೋನ್ ಮಾಡಿದವನು ನಾಸಿದಿ. ಎರಡು ಸಲ ತಪ್ಪು ನಂಬರು ಒತ್ತಿದ. ರಿಫ್ಕಾತು ಹಾಳೆ ನೋಡಿ ಮಾತ್ರೆ, ಸೂಜಿ, ಉಸಿರಿನ ಲೆಕ್ಕ ಹೇಳಿದಳು, ಗಡಿಬಿಡಿಯಲ್ಲಿ ರೋಗಿಯ ಹೆಸರು ಬಿಟ್ಟುಹೋಯಿತು. ಈಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಫೋನನ್ನು ತಲಾತುವಿನ ಕಿವಿಗೆ ಹಿಡಿದಳು. ಡಾಕ್ಟರ ದನಿ ದೂರದಿಂದ ಕಲ್ಲು ಕಡಿಯಿತು.

"ಯಾವ ರೋಗಿ ಅಂದ್ರಿ? ಆ ವಾರ್ಡಲ್ಲಿ ನನ್ನ ಬಾಣಂತಿಯರು ಬೇಕಾದಷ್ಟು ಜನ ಇದ್ದಾರೆ. ನೀವು ಯಾರ ತಾಯಿ?"

ವಾರ್ಡಿನಲ್ಲಿ ಚಮಚದ ಸದ್ದು ಕೂಡ ನಿಂತಿತ್ತು. ಒಂದೊಂದು ಮಂಚದ ಹೆಂಗಸೂ ಇತ್ತ ನೋಡುತ್ತಿದ್ದಳು. ಚೊಚ್ಚಲ ಮಗಳ ತಾಯಿಯ ಬಾಯನ್ನು ನೋಡುತ್ತಿದ್ದಳು. ಹಾಸಿಗೆಯಿಂದ ಸುಯ್ ಎಂದಿತು.

"ಸೌದಾತು," ಎಂದಳು ತಲಾತು. ಇನ್ನೊಮ್ಮೆ, ಯಾರೂ ಕೇಳದಿದ್ದರೂ, "ಸೌದಾತು. ನನ್ನ ಮಗಳು."

"ಸದ್ದು ಉಸಿರು ಎಳ್ಕೊಳ್ಳುವಾಗಲಾ, ಬಿಡುವಾಗಲಾ?"

"ಬಿಡುವಾಗ. ಕೊನೇಲಿ."

"ಬೆಳಿಗ್ಗೆ ಎದೆಯಲ್ಲಿ ನೀರಿರ್ಲಿಲ್ಲ," ಎಂದರು ಡಾಕ್ಟರು, ತಮಗೆ ತಾವೇ ಹೇಳಿಕೊಳ್ಳುವಂತೆ. "ಮಾತ್ರೆ ನಿಲ್ಲಿಸಿ. ಶ್ವಾಸನಾಳ ಬಿಡಿಸೋ ಹಬೆ ಔಷಧಿ ಕೊಡಿ, ನಾನು ಹೊರಟೆ. ಅಮ್ಮಾ, ಕೇಳಿಸ್ಕೊಳ್ಳಿ. ಆ ಹಬೆ ಹೃದಯಾನ ಇನ್ನೂ ಓಡಿಸ್ಬಹುದು. ಹಾಗಂತ ಕೊಡದೆ ಇರೋ ಹಾಗೂ ಇಲ್ಲ. ನಾನು ಬರೋವರೆಗೆ ಪಕ್ಕದಲ್ಲೇ ಕೂತು ನೋಡ್ತಾ ಇರಿ. ತುಟಿ ಬಣ್ಣ ತಿರುಗಿದ್ರೆ ಕೂಗಿ."

ಸ್ಟೂಲು ಅಜುಮಿಯದು. ಅದರ ಕಡೆ ತಲಾತು ನೋಡಲೂ ಇಲ್ಲ. ಹಾಸಿಗೆಯ ಮೇಲೇ ಕೂತು, ಮಗಳ ಬೆನ್ನನ್ನು ತನ್ನ ಎದೆಗೆ ಆನಿಸಿಕೊಂಡು, ಮುಖಕ್ಕೆ ಹಬೆಯ ಬಟ್ಟಲು ಹಿಡಿದಳು. ಆ ಬೆನ್ನು ಎಷ್ಟು ಸಣ್ಣದಿತ್ತು. ಒಳಗೆ ಹೃದಯ ಬಲೆಗೆ ಬಿದ್ದ ಹಕ್ಕಿಯಂತೆ ಬಡಿದುಕೊಳ್ಳುತ್ತಿತ್ತು. ತಲಾತುವಿಗೆ ಆ ಬಡಿತ ತನ್ನ ಪಕ್ಕೆಲುಬಿನಲ್ಲೇ ಕೇಳಿಸಿತು. ಹಬೆ ಒಳಗೆ ಹೋದಂತೆ ಅದು ಇನ್ನೂ ಜೋರಾಯಿತು. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಕಾದಳು. ಇಷ್ಟು ಹೆದರಿಕೆ ಅವಳು ಹುಟ್ಟಿದ ಮೇಲೆ ಕಂಡಿರಲಿಲ್ಲ. ಅವಳಿಗೆ ಬರುತ್ತಿದ್ದ ಪ್ರಾರ್ಥನೆಗಳೆಲ್ಲ ಮರೆತುಹೋಗಿ, ಬಾಯಿಗೆ ಬಂದದ್ದು ಹೊಸದಾಗಿ ಕಲಿತ ಆ ಒಂದು ಹೆಸರು ಮಾತ್ರ. ಅದನ್ನೇ ಮಗಳ ಕಿವಿಯ ಬಳಿ ಹೇಳುತ್ತ ಹೋದಳು.

ಡಾಕ್ಟರು ಬರುವ ಹೊತ್ತಿಗೆ ಸುಯ್ ಎಂಬುದು ತೆಳುವಾಗಿತ್ತು. ಹುಡುಗಿ ತಾಯಿಯ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಡಾಕ್ಟರು ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ತಲಾತುವನ್ನು ಬೈಯಲಿಲ್ಲ. "ಇನ್ನೊಂದು ಮಾತ್ರೆ ಹೋಗಿದ್ರೆ ನಾನು ಬರೋ ಅಗತ್ಯ ಇರ್ತಿರಲಿಲ್ಲ," ಎಂದಷ್ಟೇ ಹೇಳಿದರು. ಬೈದಿದ್ದರೆ ಎಷ್ಟೋ ಮೇಲಾಗಿತ್ತು.

ಬೈಯುವ ಕೆಲಸವನ್ನು ಹಜಿಯಾ ಅಜುಮಿ ಕೈಗೆತ್ತಿಕೊಂಡಳು. ಮಾರನೆಯ ದಿನವೆಲ್ಲ ಬೈದಳು. ಮುಚ್ಚಿಟ್ಟಿದ್ದಕ್ಕೆ ಬೈದಳು, ನಾಚಿಕೆಗೆಟ್ಟು ಹೆಸರು ಹಿಡಿದು ಕೂಗಿದ್ದಕ್ಕೂ ಬೈದಳು, ಎರಡೂ ಒಟ್ಟಿಗೆ ಹೇಗೆ ತಪ್ಪಾಗುತ್ತವೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬೈದು ಬೈದು ಗಂಟಲೊಣಗಿ, ತಲಾತು ಕೊಟ್ಟ ನೀರನ್ನೇ ಕುಡಿದಳು. ಮಧ್ಯಾಹ್ನ ನಾಸಿದಿ ಎಲ್ಲಿಂದಲೋ ಇನ್ನೊಂದು ಸ್ಟೂಲು ತಂದು, ತಲಾತುವಿನ ಕಡೆ ನೋಡದೆ, ಹಾಸಿಗೆಯ ಈಚೆ ಬದಿಗೆ ಇಟ್ಟು ಹೋದ.

ಎದೆಯ ಸದ್ದು ಪೂರ್ತಿ ಅಡಗಿ, ನೀರೂ ಇಲ್ಲ ಎಂದು ಖಾತ್ರಿಯಾಗುವವರೆಗೆ ಡಾಕ್ಟರು ಕಾದರು. ಆಮೇಲೆ ಬಿಸೊಪ್ರೊಲಾಲ್ ತಂದರು, ಕಡ್ಲೆಬೇಳೆಗಿಂತ ಚಿಕ್ಕದು. "ಇದು ಹೃದಯದ್ದೇ ಕೆಲಸ ನೋಡ್ಕೊಳ್ಳೋದು ಅಂದೆನಲ್ಲ. ಆದ್ರೂ ಪೂರ್ತಿ ಸಾಧು ಅಂತ ನಂಬೋ ಹಾಗಿಲ್ಲ. ಉಬ್ಬಸದವರಿಗೆ ಇದನ್ನೂ ಕಣ್ಣಲ್ಲಿ ಕಣ್ಣಿಟ್ಟು ಕೊಡ್ಬೇಕು. ಕೊಡದೆ ಬಿಟ್ರೆ ಹೃದಯ ಉಳಿಯಲ್ಲ." ಅವರು ತಲಾತುವಿನ ಕಡೆ ನೋಡಿದರು. "ಕೇಳಿಸ್ಕೊಳ್ಳೋ ಕೆಲಸ ನಿಮ್ಮದು."

ಸೌದಾತು ನುಂಗಿದಳು. ಅಜುಮಿ ಚಹಾಕ್ಕೆಂದು ಹೊರಗೆ ಹೋದಳು. ಹೊರಗೆ ಧೂಳುಗಾಳಿ ಎದ್ದು ಕಿಟಕಿ ಬೂದಿಬಣ್ಣವಾಗಿತ್ತು. ತಲಾತು ಸ್ಟೂಲಿನ ಮೇಲೆ ಕೈಕಟ್ಟಿ ಕೂತು ಕಿವಿಗೊಟ್ಟಳು. ಹೊಟ್ಟೆಯೊಳಗಿನ ಭಯ ಹೋಗಿರಲಿಲ್ಲ. ಅದು ಇನ್ನು ಹೋಗುವುದೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಈ ಮಾತ್ರೆಯನ್ನು ಏರಿಸಿದಾಗೆಲ್ಲ, ಪ್ರತಿ ಚಳಿಗಾಲದಲ್ಲಿ, ಅದು ಎದ್ದು ಕೂರುತ್ತದೆ. ತನಗೇ ಗೊತ್ತಿಲ್ಲದೆ ಮೆಲ್ಲಗೆ ಕೆಮ್ಮಿದಳು.

ಸೌದಾತು ತಟ್ಟನೆ ತಲೆಯೆತ್ತಿದಳು. ಬಹಳ ಹೊತ್ತು ತಾಯಿಯ ಮುಖವನ್ನೇ ನೋಡಿದಳು.

"ಡೇಲು ಅಜ್ಜಿ ಮನೇಲಿ," ಎಂದಳು, ಉಸಿರನ್ನು ಜೋಪಾನವಾಗಿ ಖರ್ಚು ಮಾಡುತ್ತ, "ರಾತ್ರಿ ಎಚ್ಚರ ಆದಾಗ ಗೋಡೆ ಆಚೆ ಯಾರೋ ಕೆಮ್ತಿದ್ರು. ಯಾರು ಅಜ್ಜಿ ಅದು ಅಂತ ಕೇಳಿದ್ರೆ, ಕತ್ತೆ ಕಣೇ, ನಿಮ್ಮಪ್ಪ ಕಟ್ಟಿಹಾಕಿದ್ದಾನೆ ಮಲಕ್ಕೋ ಅನ್ನೋಳು."

ತಲಾತು ಮುಸುಕಿನ ಅಂಚನ್ನು ಹಿಡಿದುಕೊಂಡಳು, ಎಳೆಯಲಿಲ್ಲ.

"ನಮ್ಮನೇಲಿ ಯಾವತ್ತೂ ಕತ್ತೆ ಇರ್ಲಿಲ್ಲ ಅಂತ ಆಮೇಲೆ ಗೊತ್ತಾಯ್ತು," ಎಂದಳು ಸೌದಾತು. "ಆದ್ರೆ ಅದು ಕೆಮ್ಮಿದ್ರೆ ನಂಗೆ ನಿದ್ದೆ ಬರ್ತಿತ್ತು."

"ಮಾತಾಡ್ಬೇಡ," ಎಂದಳು ತಲಾತು. "ಉಸಿರು ಬಿಡು. ನಾನು ಕೇಳ್ಬೇಕು."

ಸೌದಾತು ಕಣ್ಣು ಮುಚ್ಚಿ ಉಸಿರು ಬಿಟ್ಟಳು. ತಲಾತು ಬಾಗಿ, ಗೋಡೆಯಿಲ್ಲದೆ, ಕಿವಿಯನ್ನು ನೇರವಾಗಿ ಅವಳ ಎದೆಗೇ ಇಟ್ಟಳು.